‘ಅಲಮ್’ ಎಂದರೆ ಪದವೀಧರರೋ, ಹಳೆ ವಿದ್ಯಾರ್ಥಿಗಳೋ?

ಪ್ರಶ್ನೆ: ಅಂಬಲಪಾಡಿಯ ಕಾರ್ಯದರ್ಶಿ

ಮಾನ್ಯರೇ,

ಉಡುಪಿಯ ಒಂದು ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಲೆಕ್ಕಪತ್ರ, ಪತ್ರವ್ಯವಹಾರಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಈ ಬಾರಿಯ ಸ್ಮರಣ ಸಂಚಿಕೆಗೆಂದು ಹೊರದೇಶದಲ್ಲಿರುವ ನಮ್ಮ ಸದಸ್ಯರೊಬ್ಬರು ಇಂಗ್ಲಿಷಿನಲ್ಲಿ ಕಳುಹಿಸಿರುವ ಶುಭಾಶಯ ‘ಡಿಯರ್ ಅಲಮ್ಸ್’ ಎಂದು ಆರಂಭವಾಗುತ್ತದೆ. ಕನ್ನಡ ಪುಟಗಳಿಗಾಗಿ ಅದನ್ನು ಅನುವಾದಿಸಲು ಕುಳಿತ ನಮ್ಮ ಸಮಿತಿ ಮೊದಲ ಪದದಲ್ಲಿಯೇ ನಿಂತುಬಿಟ್ಟಿತು. ನಿಘಂಟನ್ನು ತೆರೆದ ಹಿರಿಯರೊಬ್ಬರು, ‘ಏನು ಮಾರಾಯ್ರೆ, ಇವರು ನಮ್ಮನ್ನೆಲ್ಲ ಪಟಿಕ ಮಾಡಿಬಿಟ್ಟರಲ್ಲ’ ಎಂದು ನಕ್ಕರು. ಆ ನಿಘಂಟಿನಲ್ಲಿ ಅದೇ ಕಾಗುಣಿತದ ಪದಕ್ಕೆ ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕ ಎಂಬ ಅರ್ಥವೊಂದೇ ಇತ್ತು.

ಕಿರಿಯ ಸದಸ್ಯರು ‘ಅಲಮ್ ಎಂದರೆ ಗ್ರ್ಯಾಜುಯೇಟ್, ಹಾಗಾಗಿ ಪದವೀಧರ ಎಂದು ಬರೆದರಾಯಿತು’ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಏಕೆಂದರೆ ನಮ್ಮ ಸಂಘದಲ್ಲಿ ಪದವಿ ಮುಗಿಸದೆ ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದವರೂ ಇದ್ದಾರೆ, ಮತ್ತು ಸಂಘಕ್ಕೆ ಅವರಷ್ಟು ಹೆಗಲು ಕೊಟ್ಟವರು ಬೇರೆ ಇಲ್ಲ. ಇದರ ಜೊತೆಗೆ, ವೇದಿಕೆಯ ಮೇಲೆ ಒಬ್ಬೊಬ್ಬರೂ ‘ನಾನು ಈ ಕಾಲೇಜಿನ ಅಲುಮ್ನಿ’ ಎಂದು ಹೇಳಿಕೊಳ್ಳುವುದು ವ್ಯಾಕರಣದ ದೃಷ್ಟಿಯಿಂದ ಸರಿಯೇ ಎಂಬ ಸಂಶಯವೂ ಇದೆ. ಈ ‘ಅಲಮ್’ ಎಂಬ ಸಲಿಗೆಯ ಪದ ಎಲ್ಲಿಂದ ಬಂತು, ಅದು ನಿಜವಾಗಿ ಯಾರನ್ನು ಸೂಚಿಸುತ್ತದೆ, ಕನ್ನಡದಲ್ಲಿ ಅದಕ್ಕೆ ಏನು ಬರೆಯಬೇಕು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಜೆಪ್ಪುವಿನ ಓದುಗ

ಎಳೆಯ ವಯಸ್ಸಿನಲ್ಲಿ ಪಾದ್ರಿಗಳ ಬಳಿ ಸ್ವಲ್ಪ ಲ್ಯಾಟಿನ್ ಕಲಿತ ಧೈರ್ಯದಿಂದ ಬರೆಯುತ್ತಿದ್ದೇನೆ.

ಅಲಮ್ ಎಂಬುದು ಅಲಮ್ನಸ್ ಎಂಬ ಲ್ಯಾಟಿನ್ ಪದದ ಬಾಲವನ್ನು ಕತ್ತರಿಸಿ ಮಾಡಿಕೊಂಡ ರೂಪ. ಎಕ್ಸಾಮಿನೇಷನ್ ಎಂಬುದು ಎಕ್ಸಾಮ್ ಆದಂತೆ, ಲ್ಯಾಬೊರೇಟರಿ ಎಂಬುದು ಲ್ಯಾಬ್ ಆದಂತೆ, ಗ್ರ್ಯಾಜುಯೇಟ್ ಎಂಬುದು ಗ್ರ್ಯಾಡ್ ಆದಂತೆಯೇ ಇದೂ ಆಗಿದೆ. ಆದರೆ ಉಳಿದವುಗಳಲ್ಲಿ ಉದ್ದವನ್ನು ಕಡಿಮೆ ಮಾಡುವುದಷ್ಟೇ ಉದ್ದೇಶವಾಗಿದ್ದರೆ, ಇಲ್ಲಿ ಕತ್ತರಿಸಿ ಎಸೆದ ಬಾಲದಲ್ಲಿಯೇ ತೊಂದರೆ ಇತ್ತು. ಲ್ಯಾಟಿನ್ ಭಾಷೆಯಲ್ಲಿ ಒಬ್ಬ ಗಂಡಸು ಅಲಮ್ನಸ್, ಒಬ್ಬ ಹೆಂಗಸು ಅಲಮ್ನಾ, ಗಂಡಸರು ಹಲವರಾದರೆ ಅಥವಾ ಗಂಡಸರು ಹೆಂಗಸರು ಸೇರಿದ ಗುಂಪಾದರೆ ಅಲಮ್ನೈ, ಬರಿಯ ಹೆಂಗಸರ ಗುಂಪಾದರೆ ಅಲಮ್ನೀ. ಈ ಕೊನೆಯ ಎರಡು ಉಚ್ಚಾರಣೆಗಳು ಇಂಗ್ಲಿಷರವು. ಹಳೆಯ ಲ್ಯಾಟಿನ್ ಉಚ್ಚಾರಣೆಯನ್ನು ಪಾಲಿಸುವವರ ಬಾಯಲ್ಲಿ ಅವು ಸರಿಯಾಗಿ ತಲೆಕೆಳಗಾಗುತ್ತವೆ, ಅಂದರೆ ಗಂಡಸರದು ‘ನೀ’ ಎಂದೂ ಹೆಂಗಸರದು ‘ನೈ’ ಎಂದೂ ಮುಗಿಯುತ್ತದೆ. ಹೀಗಾಗಿ ಲ್ಯಾಟಿನ್ ಬಲ್ಲವರಿಬ್ಬರು ಎದುರುಬದುರಾಗಿ ಮಾತನಾಡಿದರೂ ಯಾರ ವಿಷಯ ನಡೆಯುತ್ತಿದೆ ಎಂಬ ಅನುಮಾನ ಉಳಿಯಬಹುದು.

ಗಂಡಸರ ಕಾಲೇಜು, ಹೆಂಗಸರ ಕಾಲೇಜು ಎಂದು ಬೇರೆ ಬೇರೆ ಇದ್ದ ಕಾಲದಲ್ಲಿ ಈ ನಾಲ್ಕು ರೂಪಗಳನ್ನು ಹೇಗೋ ನಿಭಾಯಿಸಬಹುದಿತ್ತು. ನಮ್ಮ ಮಂಗಳೂರಿನಲ್ಲಿಯೇ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಹಳಬರು ಅಲಮ್ನೈ, 1921ರಲ್ಲಿ ಮಹಿಳೆಯರಿಗೆಂದು ಆರಂಭವಾದ ಸಂತ ಆಗ್ನೆಸ್ ಕಾಲೇಜಿನ ಹಳಬರು ಅಲಮ್ನೀ ಎಂದು ಹೇಳಿದರೆ ಲೆಕ್ಕ ಮುಗಿಯುತ್ತಿತ್ತು. ಆದರೆ ಅಮೆರಿಕದ ಯೇಲ್, ಪ್ರಿನ್ಸ್‌ಟನ್‌ನಂತಹ ಹಳೆಯ ಗಂಡಸರ ಸಂಸ್ಥೆಗಳು 1969ರಲ್ಲಿ ಪದವಿ ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಂಡವು, ಅಂತಹವು ಇನ್ನೂ ಹಲವು. ಎಲ್ಲರನ್ನೂ ಪುಲ್ಲಿಂಗ ಬಹುವಚನದಲ್ಲಿ ಕರೆಯುವುದು ಎಷ್ಟು ಸರಿ ಎಂಬ ಆಕ್ಷೇಪ ಸಹಜವಾಗಿಯೇ ಎದ್ದಿತು. ಲಿಂಗವನ್ನೂ ವಚನವನ್ನೂ ಹೊತ್ತಿದ್ದ ತುದಿಯನ್ನೇ ತೆಗೆದುಹಾಕಿದರೆ ಉಳಿಯುವ ಅಲಮ್ ಎಂಬ ತುಂಡು ಯಾರಿಗೂ ಒಗ್ಗುತ್ತದೆ, ಅದಕ್ಕೆ ಇಂಗ್ಲಿಷಿನ ಸಾಮಾನ್ಯ ಬಹುವಚನವನ್ನು ಸೇರಿಸಿ ಅಲಮ್ಸ್ ಎಂದರೆ ಗುಂಪೂ ಆಗುತ್ತದೆ. ಈ ಪದದ ಜನಪ್ರಿಯತೆಗೆ ಸೋಮಾರಿತನಕ್ಕಿಂತ ಈ ಅನುಕೂಲವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಆದರೂ ನಿಘಂಟುಗಳು ಇದನ್ನು ಸಲಿಗೆಯ ಮಾತಿನ ಪದವೆಂದೇ ಗುರುತಿಸುತ್ತವೆ. ಪತ್ರ, ಭಾಷಣ, ಸುದ್ದಿಪತ್ರಗಳಲ್ಲಿ ಇದು ನಡೆಯುತ್ತದೆ. ಪ್ರಮಾಣಪತ್ರದಲ್ಲಿಯೋ ಸಂಘದ ನಿಯಮಾವಳಿಯಲ್ಲಿಯೋ ಇದನ್ನು ಯಾರೂ ಬರೆಯುವುದಿಲ್ಲ.

ಇನ್ನು ಮೂಲ ಅರ್ಥ. ಲ್ಯಾಟಿನ್ನಿನಲ್ಲಿ ಅಲೆರೆ ಎಂಬ ಕ್ರಿಯಾಪದಕ್ಕೆ ಉಣಿಸು, ಸಾಕು, ಪೋಷಿಸು ಎಂಬ ಅರ್ಥಗಳಿವೆ. ಅದರಿಂದ ಬಂದ ಅಲಮ್ನಸ್ ಎಂದರೆ ಪೋಷಿಸಲ್ಪಟ್ಟವನು, ಸಾಕುಮಗ. ಅನಂತರ ಅದು ಗುರುವಿನ ಪೋಷಣೆಯಲ್ಲಿರುವ ಶಿಷ್ಯನಿಗೂ ಸಲ್ಲತೊಡಗಿತು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ವಿದ್ಯಾರ್ಥಿ ಎಂಬ ಅರ್ಥದಲ್ಲಿಯೇ ಬಂದಿತು, ಕಲಿತು ಹೊರಟವನು ಎಂಬ ಇಂದಿನ ಅರ್ಥ ಆಮೇಲೆ ಗಟ್ಟಿಯಾಯಿತು. ನಾವು ಕಲಿತ ಸಂಸ್ಥೆಯನ್ನು ಆಲ್ಮಾ ಮೇಟರ್ ಎನ್ನುತ್ತಾರಲ್ಲ, ಅದರ ಆಲ್ಮಾ ಕೂಡ ಇದೇ ಧಾತುವಿನದು. ರೋಮನ್ನರು ತಮ್ಮ ದೇವಿಯರನ್ನು ಪೊರೆಯುವ ತಾಯಿ ಎಂಬ ಅರ್ಥದಲ್ಲಿ ಹಾಗೆ ಕರೆಯುತ್ತಿದ್ದರು. 1088ರಲ್ಲಿ ಸ್ಥಾಪನೆಯಾಯಿತೆಂದು ಹೇಳಿಕೊಳ್ಳುವ ಇಟಲಿಯ ಬೊಲೊನ್ಯ ವಿಶ್ವವಿದ್ಯಾನಿಲಯ ಇಂದಿಗೂ ತನ್ನ ಅಧಿಕೃತ ಹೆಸರಿನಲ್ಲಿ ಆ ಎರಡು ಪದಗಳನ್ನು ಇರಿಸಿಕೊಂಡಿದೆ. ತಾಯಿ ಸಂಸ್ಥೆಯಾದರೆ ಮಗು ಅಲಮ್ನಸ್, ಎರಡೂ ಒಂದೇ ಚಿತ್ರದ ಎರಡು ಭಾಗಗಳು.

ಇದೇ ಧಾತುವಿನ ಬಂಧುಗಳು ಅನಿರೀಕ್ಷಿತ ಸ್ಥಳಗಳಲ್ಲಿ ಸಿಗುತ್ತಾರೆ. ವಿಚ್ಛೇದನದ ಪ್ರಕರಣಗಳಲ್ಲಿ ನಮ್ಮ ನ್ಯಾಯಾಲಯಗಳು ಜೀವನಾಂಶ ಎಂದು ಕರೆಯುವ ಅಲಿಮೊನಿ ಇದರದ್ದೇ. ಹರೆಯದವರಿಗೆ ಹೇಳುವ ಅಡಾಲಸೆಂಟ್ ಎಂದರೆ ಬೆಳೆಯುತ್ತಿರುವವನು, ಅಡಲ್ಟ್ ಎಂದರೆ ಬೆಳೆದು ಮುಗಿದವನು, ಇವೆರಡೂ ಒಂದೇ ಕ್ರಿಯಾಪದದ ವರ್ತಮಾನ ಮತ್ತು ಭೂತ ರೂಪಗಳು. ಇನ್ನೂ ಹಿಂದಕ್ಕೆ ಹೋದರೆ ಇಂಗ್ಲಿಷಿನ ಓಲ್ಡ್ ಎಂಬ ಸಾಮಾನ್ಯ ಪದವೂ ಬೆಳೆಸು, ಪೋಷಿಸು ಎಂಬ ಅದೇ ಪ್ರಾಚೀನ ಮೂಲಕ್ಕೆ ತಲುಪುತ್ತದೆ. ಬ್ರಿಟಿಷರು ತಮ್ಮ ಶಾಲೆಯ ಹಳಬರನ್ನು ಓಲ್ಡ್ ಬಾಯ್ಸ್ ಎಂದು ಕರೆದರು, ಅಮೆರಿಕದವರು ಹೆಚ್ಚಾಗಿ ಅಲಮ್ನೈ ಎಂದರು. ಬೇರೆ ಬೇರೆ ದಾರಿ ಹಿಡಿದಂತೆ ಕಂಡರೂ ಮೂಲದಲ್ಲಿ ಇಬ್ಬರೂ ಒಂದೇ ಮನೆಯ ಪದಗಳನ್ನೇ ಬಳಸಿದಂತಾಯಿತು.

ಒಂದು ಪ್ರಸಂಗವನ್ನು ಹೇಳದೆ ಇರಲಾರೆ. ರೋಮಿನಲ್ಲಿ ಅಲಮ್ನಸ್ ಎಂಬುದು ಸದಾ ಮುದ್ದಿನ ಪದವಾಗಿರಲಿಲ್ಲ. ಹೆತ್ತವರು ಬೀದಿಯಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ಎತ್ತಿಕೊಂಡು ಸಾಕಿದವರು ಆ ಮಕ್ಕಳನ್ನು ಗುಲಾಮರಾಗಿ ಇರಿಸಿಕೊಳ್ಳುವುದಿತ್ತು. 2ನೇ ಶತಮಾನದ ಆರಂಭದಲ್ಲಿ, ಇಂದಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಬಿಥಿನಿಯಾ ಪ್ರಾಂತ್ಯವನ್ನು ಆಳುತ್ತಿದ್ದ ಪ್ಲಿನಿ, ಇಂತಹ ಸಾಕುಮಕ್ಕಳ ಸ್ಥಾನಮಾನವೇನು ಎಂದು ಚಕ್ರವರ್ತಿ ಟ್ರಾಜನ್‌ನಿಗೆ ಪತ್ರ ಬರೆದು ಕೇಳಿದ. ಆ ಪ್ರಾಂತ್ಯದ ಜನರು ಅವರಿಗೆ ಬಳಸುತ್ತಿದ್ದ ಗ್ರೀಕ್ ಪದಕ್ಕೂ ಉಣಿಸಿ ಬೆಳೆಸಲ್ಪಟ್ಟವರು ಎಂದೇ ಅರ್ಥ. ಸ್ವತಂತ್ರರಾಗಿ ಹುಟ್ಟಿದವರಿಗೆ ಸ್ವಾತಂತ್ರ್ಯವನ್ನು ನಿರಾಕರಿಸಬಾರದು, ಮತ್ತು ಅದನ್ನು ಪಡೆಯಲು ಅವರು ತಮ್ಮನ್ನು ಸಾಕಿದ ಖರ್ಚನ್ನು ತೆರಬೇಕಾಗಿಯೂ ಇಲ್ಲ ಎಂದು ಟ್ರಾಜನ್ ಉತ್ತರಿಸಿದ. ಹಳೆ ವಿದ್ಯಾರ್ಥಿ ಸಂಘಗಳಿಂದ ಕಟ್ಟಡ ನಿಧಿಗೆ ದೇಣಿಗೆ ಕೇಳುವ ಪತ್ರ ಬಂದಾಗಲೆಲ್ಲ ನನಗೆ ಈ ತೀರ್ಪು ನೆನಪಾಗುತ್ತದೆ. ಕಾರ್ಯದರ್ಶಿಗಳು ಕ್ಷಮಿಸಬೇಕು.

ಉತ್ತರ: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ, ಸುರತ್ಕಲ್

ಪಟಿಕದ ಬಗೆಗಿನ ಗೊಂದಲವನ್ನು ಮಾತ್ರ ಬಿಡಿಸುತ್ತೇನೆ. ಇಂಗ್ಲಿಷಿನಲ್ಲಿ ಎರಡೂ ಪದಗಳ ಕಾಗುಣಿತ ಒಂದೇ ಆದರೂ ಅವು ಬೇರೆ ಬೇರೆ ಪದಗಳು, ಉಚ್ಚಾರಣೆಯೂ ಬೇರೆ. ಪಟಿಕ ಎಂಬ ಅರ್ಥದಲ್ಲಿ ಮೊದಲ ಅಕ್ಷರಕ್ಕೆ ಒತ್ತು ಬಿದ್ದು ‘ಆ್ಯಲಮ್’ ಎಂದಾಗುತ್ತದೆ, ಹಳೆ ವಿದ್ಯಾರ್ಥಿ ಎಂಬ ಅರ್ಥದಲ್ಲಿ ಎರಡನೆಯ ಅಕ್ಷರಕ್ಕೆ ಒತ್ತು ಬೀಳುತ್ತದೆ, ಏಕೆಂದರೆ ಅಲಮ್ನಸ್ ಎಂಬ ಪೂರ್ಣ ರೂಪದಲ್ಲಿ ಒತ್ತು ಅಲ್ಲಿಯೇ ಇತ್ತು. ನಮ್ಮಲ್ಲಿ ನೀರು ಶುದ್ಧೀಕರಣ ಘಟಕಗಳಲ್ಲಿ ಕೆಲಸ ಮಾಡುವವರು ‘ಆಲಂ ಹಾಕಿದ್ದೇವೆ’ ಎಂದು ದೀರ್ಘವಾಗಿಯೇ ಹೇಳುತ್ತಾರೆ. ಹಾಗಾಗಿ ಕನ್ನಡ ಲಿಪಿಯಲ್ಲಿ ಒಂದನ್ನು ಆಲಂ ಎಂದೂ ಇನ್ನೊಂದನ್ನು ಅಲಮ್ ಎಂದೂ ಬರೆದರೆ ಇಂಗ್ಲಿಷಿಗೆ ಸಾಧ್ಯವಾಗದ ಸ್ಪಷ್ಟತೆ ನಮಗೆ ಸಿಗುತ್ತದೆ.

ಪಟಿಕದ ಪದ ಅಲುಮೆನ್ ಎಂಬ ಲ್ಯಾಟಿನ್ ಹೆಸರಿನಿಂದ ಬಂದುದು, ಪೋಷಣೆಯ ಧಾತುವಿಗೂ ಅದಕ್ಕೂ ಸಂಬಂಧವಿಲ್ಲ. ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಸಲ್ಫೇಟು ಹನ್ನೆರಡು ನೀರಿನ ಅಣುಗಳೊಂದಿಗೆ ಹರಳುಗಟ್ಟಿದ ಲವಣ ಅದು. ಮಳೆಗಾಲದಲ್ಲಿ ಬಾವಿಯ ನೀರು ಕೆಂಪಾದಾಗ ಕೊಡಪಾನದಲ್ಲಿ ಪಟಿಕದ ತುಂಡನ್ನು ಎರಡು ಸುತ್ತು ತಿರುಗಿಸಿದರೆ, ಋಣ ವಿದ್ಯುದಂಶದ ಕಾರಣ ಒಂದನ್ನೊಂದು ದೂರ ತಳ್ಳುತ್ತ ತೇಲುವ ಮಣ್ಣಿನ ಕಣಗಳು ಅಲ್ಯೂಮಿನಿಯಂನ ಧನ ಅಂಶಕ್ಕೆ ಸಿಕ್ಕಿ ಗುಂಪುಗೂಡಿ ತಳಕ್ಕೆ ಇಳಿಯುತ್ತವೆ. ಹಂಫ್ರಿ ಡೇವಿ 1808ರಲ್ಲಿ, ಇನ್ನೂ ಬೇರ್ಪಡಿಸಲಾಗದಿದ್ದ ಲೋಹಕ್ಕೆ ಈ ಲವಣದ ಹೆಸರನ್ನೇ ಆಧರಿಸಿ ಅಲ್ಯೂಮಿಯಂ ಎಂಬ ಹೆಸರನ್ನು ಸೂಚಿಸಿದರು. ಮುಂದೆ ಅದೇ ತಿದ್ದುಪಡಿಗೊಂಡು ಅಲ್ಯೂಮಿನಿಯಂ ಆಯಿತು. ನಿಮ್ಮ ಸಮಿತಿಯ ಹಿರಿಯರಿಗೆ ಇಷ್ಟನ್ನು ತಿಳಿಸಿ, ಉಳಿದ ಚರ್ಚೆಯನ್ನು ಭಾಷೆ ಬಲ್ಲವರು ಮುಂದುವರಿಸಲಿ.

ಉತ್ತರ: ಕೊಣಾಜೆ ಗುಡ್ಡದಿಂದ

ಜೆಪ್ಪುವಿನ ಓದುಗರು ಪದದ ಮೂಲವನ್ನು ಚೆನ್ನಾಗಿ ಬಿಡಿಸಿದ್ದಾರೆ, ಆದರೆ ಕಾರ್ಯದರ್ಶಿಗಳ ಮುಖ್ಯ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಅಲಮ್ ಎಂದರೆ ಪದವೀಧರ ಎನ್ನುವ ಕಿರಿಯರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಮಾತಿನಲ್ಲಿ ಎರಡೂ ಒಬ್ಬನೇ ವ್ಯಕ್ತಿಗೆ ಹೊಂದುವುದು ಹೆಚ್ಚು, ಆ ಕಾರಣಕ್ಕೆ ಒಂದೇ ಅರ್ಥವೆಂದು ತೋರುತ್ತದೆ. ಆದರೆ ಒಂದು ಪದ ಸಂಬಂಧವನ್ನು ಹೇಳುತ್ತದೆ, ಇನ್ನೊಂದು ಅರ್ಹತೆಯನ್ನು ಹೇಳುತ್ತದೆ.

ಗ್ರ್ಯಾಜುಯೇಟ್ ಎಂಬುದು ಗ್ರಾದುಸ್, ಅಂದರೆ ಹೆಜ್ಜೆ ಅಥವಾ ಮೆಟ್ಟಿಲು ಎಂಬ ಲ್ಯಾಟಿನ್ ಪದದಿಂದ ಬಂದಿದೆ, ಡಿಗ್ರಿ ಎಂಬುದರ ಒಳಗೂ ಅದೇ ಹೆಜ್ಜೆ ಇದೆ. ನಮ್ಮ ಪದವಿ ಎಂಬ ಪದವೂ ಸಂಸ್ಕೃತದಲ್ಲಿ ಮೊದಲು ದಾರಿ, ಹೆಜ್ಜೆಯ ಜಾಡು ಎಂಬ ಅರ್ಥದಲ್ಲಿದ್ದು ಆಮೇಲೆ ಸ್ಥಾನ ಎಂಬ ಅರ್ಥಕ್ಕೆ ಬಂದಿತು. ಹಾಗಾಗಿ ಗ್ರ್ಯಾಜುಯೇಟ್‌ಗೆ ಪದವೀಧರ ಎಂಬ ಅನುವಾದ ತೂಕಕ್ಕೆ ತೂಕ ಸರಿಹೊಂದುತ್ತದೆ. ಒಂದು ನಿರ್ದಿಷ್ಟ ಮೆಟ್ಟಿಲನ್ನು ಏರಿದ್ದೇನೆಂದು ವಿಶ್ವವಿದ್ಯಾನಿಲಯ ಬರೆದುಕೊಟ್ಟರೆ ಮಾತ್ರ ಒಬ್ಬ ಪದವೀಧರನಾಗುತ್ತಾನೆ. ಅಲಮ್ನಸ್‌ಗೆ ಅಂತಹ ಮೆಟ್ಟಿಲಿಲ್ಲ. ಇಂಗ್ಲಿಷಿನ ಒಳ್ಳೆಯ ನಿಘಂಟುಗಳು ಆ ಸಂಸ್ಥೆಯಲ್ಲಿ ಓದಿದವರು ಅಥವಾ ಪದವಿ ಪಡೆದವರು ಎಂದು ಎರಡನ್ನೂ ಸೇರಿಸಿಯೇ ಅರ್ಥ ಕೊಡುತ್ತವೆ.

ನಮ್ಮ ಕರಾವಳಿಯ ಶಿಕ್ಷಣದ ಇತಿಹಾಸವೇ ಈ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ ಆರಂಭವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಮದ್ರಾಸು ರಾಜ್ಯದಲ್ಲಿದ್ದುದರಿಂದ ಅಲ್ಲಿಯ ಮೊದಲ ತಂಡಗಳಿಗೆ ಪದವಿ ಕೊಟ್ಟದ್ದು ಮದ್ರಾಸು ವಿಶ್ವವಿದ್ಯಾನಿಲಯ. ಆ ಮೇಲೆ ನಮ್ಮ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬಂದವು, 1980ರಲ್ಲಿ ಇಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮರೀನಾ ಕಡಲತೀರವನ್ನು ಒಮ್ಮೆಯೂ ನೋಡದೆ ಮದ್ರಾಸಿನ ಪದವೀಧರರಾದ ಹಿರಿಯರು ನಮ್ಮ ಊರುಗಳಲ್ಲಿ ಹಲವರಿದ್ದರು. ಅವರ ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಮದ್ರಾಸಿನ ಮುದ್ರೆ ಇತ್ತು, ಆದರೆ ಅವರಿಗೆ ಪಾಠ ಹೇಳಿದ್ದು, ಗ್ರಂಥಾಲಯದ ಬಾಗಿಲು ತೆರೆದದ್ದು, ಶುಲ್ಕ ಕಟ್ಟಲಾಗದಾಗ ತಿಂಗಳು ಕಾದದ್ದು ಉಡುಪಿ, ಮಂಗಳೂರುಗಳ ಕಾಲೇಜುಗಳು. ಅಂತಹವರು ಮದ್ರಾಸಿನ ಗ್ರ್ಯಾಜುಯೇಟ್, ಉಡುಪಿಯ ಅಲಮ್ನಸ್. ಇಂದಿಗೂ ವಿಶ್ವವಿದ್ಯಾನಿಲಯದ ಸಂಯೋಜಿತ ಕಾಲೇಜುಗಳಲ್ಲಿ ಓದಿದವರ ಸ್ಥಿತಿ ಬಹುಮಟ್ಟಿಗೆ ಇದೇ. ವಿಶ್ವವಿದ್ಯಾನಿಲಯ ಪದವಿ ಕೊಡುತ್ತದೆ, ಪೋಷಣೆ ಕಾಲೇಜಿನದು.

ಪದವೀಧರ ಎಂಬುದಕ್ಕೆ ನಮ್ಮಲ್ಲಿ ಕಾನೂನಿನ ಅರ್ಥವೂ ಇದೆ. ವಿಧಾನ ಪರಿಷತ್ತಿನ ಹನ್ನೆರಡನೇ ಒಂದು ಭಾಗದಷ್ಟು ಸದಸ್ಯರನ್ನು ಪದವೀಧರರು ಆರಿಸಬೇಕೆಂದು ಸಂವಿಧಾನದ 171ನೇ ವಿಧಿ ಹೇಳುತ್ತದೆ, ಮತ್ತು ಪದವಿ ಪಡೆದು ಕನಿಷ್ಠ 3 ವರ್ಷವಾಗಿರಬೇಕೆಂದು ನಿಗದಿಪಡಿಸುತ್ತದೆ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ನಮ್ಮಂತಹವರು ನೈಋತ್ಯ ಪದವೀಧರರ ಕ್ಷೇತ್ರದಲ್ಲಿ ಮತ ಹಾಕುವುದು ಈ ಆಧಾರದ ಮೇಲೆ. ಎರಡನೆಯ ವರ್ಷದಲ್ಲಿ ಕಾಲೇಜು ಬಿಟ್ಟು ಮುಂಬಯಿಯ ಹೋಟೆಲು ಸೇರಿದ ನಿಮ್ಮ ಸದಸ್ಯರಿಗೆ ಆ ಮತವಿಲ್ಲ, ಆದರೆ ಅವರು ನಿಮ್ಮ ಕಾಲೇಜಿನ ಅಲಮ್ ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಶುಭಾಶಯದಲ್ಲಿ ‘ಪ್ರಿಯ ಪದವೀಧರರೇ’ ಎಂದು ಅಚ್ಚಾದರೆ ಅವರನ್ನು ಹೊರಗಿಟ್ಟಂತಾಗುತ್ತದೆ. ಚುನಾವಣಾ ಪ್ರಚಾರದ ಕರಪತ್ರದ ವಾಸನೆಯೂ ಬರುತ್ತದೆ.

ಪ್ರಶ್ನೆ ಕೇಳಿದವರಿಂದ: ಅಂಬಲಪಾಡಿಯ ಕಾರ್ಯದರ್ಶಿ

ಮೂವರಿಗೂ ಕೃತಜ್ಞತೆಗಳು. ದೇಣಿಗೆಯ ಪತ್ರಗಳನ್ನು ಬರೆಯುವವನು ನಾನೇ ಆದುದರಿಂದ ಟ್ರಾಜನ್‌ನ ತೀರ್ಪನ್ನು ಸಮಿತಿಯ ಮುಂದೆ ಓದುವುದಿಲ್ಲ.

ಪದವೀಧರ ಬೇಡವೆಂಬುದು ಖಚಿತವಾಯಿತು. ಆದರೆ ‘ಹಳೆ ವಿದ್ಯಾರ್ಥಿ’ ಎಂಬುದರ ಬಗ್ಗೆ ನಮ್ಮ ಕಿರಿಯರಿಗೆ ಮುಜುಗರವಿದೆ, ಮೂವತ್ತು ದಾಟದವರನ್ನು ಹಳೆ ಎನ್ನುವುದೇಕೆ ಎಂದು ಕೇಳುತ್ತಾರೆ. ಅವರು ಪರಸ್ಪರ ವಿಚಾರಿಸುವುದು ‘ನೀವು ಯಾವ ವರ್ಷದ ಪಾಸೌಟ್?’ ಎಂದು. ಪಾಸೌಟ್ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಸಂಸ್ಕೃತ ಮೂಲದ ಗಂಭೀರ ಪದವೇನಾದರೂ ಇದ್ದರೆ ತಿಳಿಸಿ.

ಉತ್ತರ: ರಥಬೀದಿಯ ಸಂಸ್ಕೃತ ವಿದ್ಯಾರ್ಥಿನಿ

ಕೈ ಬಾರದಿರುವುದೇ ಒಳ್ಳೆಯದು ಸರ್. ಇಂಗ್ಲಿಷನ್ನು ಮನೆಮಾತಾಗಿ ಆಡುವವರಿಗೆ ‘ಪಾಸ್ ಔಟ್’ ಎಂದರೆ ಪ್ರಜ್ಞೆ ತಪ್ಪಿ ಬೀಳುವುದು. ಸೇನಾ ತರಬೇತಿ ಮುಗಿಸಿದವರ ನಿರ್ಗಮನ ಪಥಸಂಚಲನದಲ್ಲಿ ಮಾತ್ರ ಅದಕ್ಕೆ ಬೇರೆ ಅರ್ಥವಿದೆ. ನಾವು ಅದನ್ನು ನಾಮಪದ ಮಾಡಿಕೊಂಡು ಎಲ್ಲ ಕಾಲೇಜುಗಳಿಗೂ ಹಂಚಿದ್ದೇವೆ. ನಮ್ಮೊಳಗೆ ಅದು ನಡೆಯುತ್ತದೆ, ಆದರೆ ಹೊರದೇಶದಿಂದ ಬಂದ ಶುಭಾಶಯಕ್ಕೆ ಅದನ್ನು ಅಂಟಿಸುವುದು ಬೇಡ.

ಸಂಸ್ಕೃತದಲ್ಲಿ ಹುಡುಕಿದರೆ ಮೊದಲು ಸಿಗುವುದು ಸ್ನಾತಕ. ಗುರುಕುಲದ ವಾಸ ಮುಗಿದಾಗ ಸಮಾವರ್ತನದ ಅಂಗವಾಗಿ ಸ್ನಾನ ಮಾಡಿ ಮನೆಗೆ ಮರಳುವವನು ಸ್ನಾತಕ. ಇಂದು ನಾವು ಎಂ.ಎ. ತರಗತಿಯನ್ನು ಸ್ನಾತಕೋತ್ತರ ಎನ್ನುವಾಗ ಆ ಸ್ನಾನದ ನೆನಪು ಯಾರಿಗೂ ಇರುವುದಿಲ್ಲ. ಮನೆಯ ಸಂಸ್ಕಾರಗಳ ವಿಧಿಗಳನ್ನು ತಿಳಿಸುವ ಗೃಹ್ಯಸೂತ್ರಗಳು ಸ್ನಾತಕರಲ್ಲಿ ಮೂರು ಬಗೆಯನ್ನು ಹೇಳುತ್ತವೆ ಎಂಬುದು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ವೇದಾಧ್ಯಯನವನ್ನು ಮುಗಿಸಿ ವ್ರತದ ಅವಧಿ ಮುಗಿಯುವ ಮೊದಲೇ ಹೊರಟವನು ವಿದ್ಯಾಸ್ನಾತಕ, ಅವಧಿಯನ್ನು ಪೂರೈಸಿ ಅಧ್ಯಯನವನ್ನು ಮುಗಿಸದೆ ಹೊರಟವನು ವ್ರತಸ್ನಾತಕ, ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ವರ್ಷಗಳನ್ನು ಕಳೆದು ಪಾಠ ಮುಗಿಸದವನಿಗೂ ಒಂದು ಗೌರವದ ಹೆಸರನ್ನು ಇಟ್ಟಿದ್ದರು ಎಂಬುದನ್ನು ಗಮನಿಸಬೇಕು. ಇಂದಿನ ಪರೀಕ್ಷಾ ವಿಭಾಗಗಳು ಅಷ್ಟು ಉದಾರವಾಗಿಲ್ಲ. ಆದರೂ ಸ್ನಾತಕ ಎಂಬುದು ಈಗ ಪದವಿಯ ಹಂತವನ್ನು ಸೂಚಿಸುವ ಪಾರಿಭಾಷಿಕ ಪದವಾಗಿ ನೆಲೆಗೊಂಡಿರುವುದರಿಂದ ನಿಮಗೆ ಅದು ಒದಗುವುದಿಲ್ಲ.

ಅಂತೇವಾಸಿ ಎಂಬ ಪದ ಅಲಮ್ನಸ್‌ನ ಮೊದಲ ಅರ್ಥಕ್ಕೆ ತುಂಬ ಹತ್ತಿರದ್ದು. ಗುರುವಿನ ಸಮೀಪದಲ್ಲಿ ವಾಸಿಸುವವನು ಎಂದು ಅದರ ಅರ್ಥ. ಘಟಿಕೋತ್ಸವದ ಭಾಷಣಕಾರರು ಉದ್ಧರಿಸದೆ ಬಿಡದ ‘ಸತ್ಯಂ ವದ, ಧರ್ಮಂ ಚರ’ ಎಂಬ ಮಾತನ್ನು ತೈತ್ತಿರೀಯ ಉಪನಿಷತ್ತಿನಲ್ಲಿ ಆಚಾರ್ಯನು ಹೇಳುವುದು ವೇದವನ್ನು ಕಲಿಸಿ ಮುಗಿಸಿದ ಮೇಲೆ ತನ್ನ ಅಂತೇವಾಸಿಗೆ. ಆದರೆ ಹತ್ತಿರ ಇರುವವನು ಎಂಬ ಪದವನ್ನು ದುಬೈಯಲ್ಲಿರುವವರಿಗೆ ಬಳಸುವುದು ಹೇಗೆ? ಇದೂ ಹೊಂದುವುದಿಲ್ಲ.

ಘಟಿಕೋತ್ಸವ ಎಂದೆನಲ್ಲ, ಅದರಲ್ಲಿರುವ ಘಟಿಕಾ ಎಂದರೆ ಪ್ರಾಚೀನ ವಿದ್ಯಾಕೇಂದ್ರ. ಕದಂಬರ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದನೆಂದು ತಾಳಗುಂದದ ಸ್ತಂಭ ಶಾಸನ ಹೇಳುತ್ತದೆ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನೆಂದೂ ಅದೇ ಶಾಸನದಲ್ಲಿದೆ. ಮೊದಲ ಕನ್ನಡ ರಾಜವಂಶವೆಂದು ಹೆಸರಾದ ಕದಂಬ ವಂಶವನ್ನು ಸ್ಥಾಪಿಸಿದವನನ್ನೇ ಓದನ್ನು ನಡುವೆ ಬಿಟ್ಟ ಅಲಮ್ ಎಂದು ಕರೆಯಬಹುದು ಎಂಬ ಸಮಾಧಾನವನ್ನು ನಿಮ್ಮ ಮುಂಬಯಿಯ ಸದಸ್ಯರಿಗೆ ತಿಳಿಸಿ.

ಇನ್ನೊಂದು ಎಚ್ಚರಿಕೆ. ಸಂಸ್ಕೃತದಲ್ಲಿ ‘ಅಲಂ’ ಎಂದರೆ ಸಾಕು. ನಾಟಕಗಳ ಆರಂಭದಲ್ಲಿ ಸೂತ್ರಧಾರನು ‘ಅಲಮತಿವಿಸ್ತರೇಣ’ ಎಂದು ನಾಂದಿಯನ್ನು ನಿಲ್ಲಿಸುತ್ತಾನೆ. ಸ್ಮರಣ ಸಂಚಿಕೆಯ ಮುಖಪುಟದಲ್ಲಿ ‘ಪ್ರಿಯ ಅಲಮ್’ ಎಂದು ಅಚ್ಚಾದರೆ ನಮ್ಮ ಮಠಗಳ ಪಾಠಶಾಲೆಯಲ್ಲಿ ಓದಿದವರು ಬೇರೆಯೇ ಅರ್ಥ ಮಾಡಿಕೊಂಡಾರು.

ಉತ್ತರ: ಕರಡು ತಿದ್ದುವವನು, ಹಂಪನಕಟ್ಟೆ

ವೃತ್ತಿಯಿಂದ ಅಚ್ಚಿನ ಕರಡನ್ನು ತಿದ್ದುವವನು ನಾನು, ಆದ್ದರಿಂದ ಬರವಣಿಗೆಯ ಮಟ್ಟಿಗೆ ಒಂದೆರಡು ಮಾತು.

‘ನಾನು ಅಲುಮ್ನಿ’ ಎನ್ನುವುದನ್ನು ಇಂಗ್ಲಿಷ್ ಬರವಣಿಗೆಯಲ್ಲಿ ಕಂಡರೆ ಖಂಡಿತ ತಿದ್ದಬೇಕು. ಅದು ಬಹುವಚನ, ಒಬ್ಬರಿಗೆ ಸಲ್ಲುವುದಿಲ್ಲ. ಕನ್ನಡ ವಾಕ್ಯದಲ್ಲಿ ಕಂಡರೆ ನಾನು ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ. ಅಜೆಂಡಾ, ಡೇಟಾ, ಮೀಡಿಯಾ ಇವೆಲ್ಲವೂ ಲ್ಯಾಟಿನ್ನಿನಲ್ಲಿ ಬಹುವಚನಗಳೇ, ಆದರೂ ನಾವು ‘ಅಜೆಂಡಾಗಳು’, ‘ಮೀಡಿಯಾಗಳು’ ಎಂದು ನಮ್ಮ ಪ್ರತ್ಯಯವನ್ನು ಹಚ್ಚುತ್ತೇವೆ, ‘ಮಾರ್ಕ್ಸ್‌ಗಳು’ ಎಂದು ಬರೆದವರನ್ನೂ ಓದಿ ಅಭ್ಯಾಸವಾಗಿದೆ. ಕನ್ನಡ ಎರವಲು ಪಡೆದ ಪದದ ಜೊತೆಗೆ ಅದರ ವ್ಯಾಕರಣವನ್ನೂ ಪಡೆಯುವುದು ಕಡಿಮೆ. ಅಲುಮ್ನಿ ಎಂಬುದು ಆ ರೂಪದಲ್ಲಿಯೇ ಕಿವಿಗೆ ಬಿದ್ದು ಏಕವಚನವಾಗಿ ನೆಲೆಸಿದೆ. ಭಾಷಣದಲ್ಲಿ ಅದನ್ನು ತಡೆಯಲು ಹೋಗುವುದು ವ್ಯರ್ಥ.

ಅಚ್ಚಿಗೆ ಹೋಗುವ ಪುಟದಲ್ಲಿ ಮಾತ್ರ ‘ಹಳೆ ವಿದ್ಯಾರ್ಥಿ’ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಪೂರ್ವ ವಿದ್ಯಾರ್ಥಿ’ ಎಂದು ಬರೆಯುವವರಿದ್ದಾರೆ, ಅದು ಪದವಿ ಪೂರ್ವ ತರಗತಿಯೊಡನೆ ತೊಡಕಾಗುತ್ತದೆ, ನಮ್ಮ ಓದುಗರು ಪಿ.ಯು.ಸಿ. ಎಂದೇ ತಿಳಿಯುತ್ತಾರೆ. ‘ಹಿರಿಯ ವಿದ್ಯಾರ್ಥಿ’ ಎಂದರೆ ಅಂತಿಮ ವರ್ಷದವನಾಗುತ್ತಾನೆ. ಹಳೆ ಎಂಬ ವಿಶೇಷಣಕ್ಕೆ ಮುಜುಗರಪಡುವ ಕಿರಿಯರಿಗೆ ಜೆಪ್ಪುವಿನ ಓದುಗರು ಓಲ್ಡ್ ಎಂಬುದರ ಮೂಲದ ಬಗ್ಗೆ ಬರೆದ ಸಾಲನ್ನು ತೋರಿಸಿ. ಅದಲ್ಲದೆ ಹಳೆ ಸ್ನೇಹಿತ, ಹಳೆ ಗಿರಾಕಿ ಎನ್ನುವಾಗ ನಾವು ವಯಸ್ಸನ್ನು ಲೆಕ್ಕ ಹಾಕುವುದಿಲ್ಲ, ನಂಟು ಯಾವಾಗಿನದು ಎಂಬುದನ್ನಷ್ಟೇ ಹೇಳುತ್ತೇವೆ.

ಸಂಬೋಧನೆಯಲ್ಲಿ ಒಂದು ತೊಡಕಿದೆ. ‘ಪ್ರಿಯ ಹಳೆ ವಿದ್ಯಾರ್ಥಿಗಳೇ’ ಎಂದರೆ ಬರೆದವರು ಮೇಲೆ ನಿಂತು ಕರೆದಂತೆ ಕೇಳಿಸುತ್ತದೆ, ಪ್ರಾಂಶುಪಾಲರ ಮಾತಿನಂತೆ. ಶುಭಾಶಯ ಕಳುಹಿಸಿದವರೂ ಅದೇ ಕಾಲೇಜಿನಲ್ಲಿ ಓದಿದವರು, ಮತ್ತು ಅಲಮ್ಸ್ ಎಂಬ ಸಲಿಗೆಯ ಪದವನ್ನು ಆರಿಸಿಕೊಂಡದ್ದು ಆ ಸರಿಸಮಾನತೆಯಿಂದಲೇ. ಆದ್ದರಿಂದ ‘ನನ್ನ ಕಾಲೇಜಿನ ಪ್ರಿಯ ಒಡನಾಡಿಗಳೇ’ ಎಂದು ಆರಂಭಿಸಿ, ಮುಂದೆ ವಾಕ್ಯಗಳ ನಡುವೆ ಬಂದಲ್ಲೆಲ್ಲ ‘ಹಳೆ ವಿದ್ಯಾರ್ಥಿಗಳು’ ಎಂದು ಬಳಸಬಹುದು. ವಿದ್ಯಾರ್ಥಿನಿಯರನ್ನು ಪ್ರತ್ಯೇಕವಾಗಿ ಹೆಸರಿಸಬೇಕೆಂಬ ಒತ್ತಾಯ ನಿಮ್ಮ ಸಮಿತಿಯಲ್ಲಿದ್ದರೆ ಸಂಘದ ಹೆಸರನ್ನು ಮುಟ್ಟದೆ ಒಳಪುಟಗಳಲ್ಲಿ ‘ಹಳೆ ವಿದ್ಯಾರ್ಥಿಗಳು ಮತ್ತು ವಿದ್ಯಾರ್ಥಿನಿಯರು’ ಎಂದು ಒಮ್ಮೆ ಬರೆದರೆ ಸಾಕಾಗುತ್ತದೆ.

ಉತ್ತರ: ಕೊಣಾಜೆ ಗುಡ್ಡದಿಂದ

ಕರಡು ತಿದ್ದುವವರ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕಾರ್ಯದರ್ಶಿಗಳಿಗೆ ಒಂದು ಮಾತನ್ನು ಸೇರಿಸಬೇಕು. ನಿಮ್ಮ ಸಂಘದ ನಿಯಮಾವಳಿಯಲ್ಲಿ ಸದಸ್ಯತ್ವದ ಅರ್ಹತೆಗೆ ಯಾವ ಪದ ಬಳಸಿದ್ದಾರೆಂದು ಒಮ್ಮೆ ನೋಡಿಕೊಳ್ಳಿ. ಅಲ್ಲಿ ಪದವೀಧರ ಎಂದಿದ್ದರೆ ಪದವಿ ಮುಗಿಸದ ನಿಮ್ಮ ಸದಸ್ಯರ ಮತದಾನದ ಹಕ್ಕನ್ನು ಯಾರಾದರೂ ಪ್ರಶ್ನಿಸಲು ಅವಕಾಶವಾಗುತ್ತದೆ. ಮುಂದಿನ ಮಹಾಸಭೆಯಲ್ಲಿ ‘ಕಾಲೇಜಿನಲ್ಲಿ ಕನಿಷ್ಠ ಒಂದು ಶೈಕ್ಷಣಿಕ ವರ್ಷ ಓದಿದ ಯಾರೂ’ ಎಂಬ ತಿದ್ದುಪಡಿಯನ್ನು ತಂದು, ಅದನ್ನು ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಿಬಿಡಿ.